ಹಳಿಯ ಹಾದಿ ಕಾಯುವ ನಾಡು

ಘಟಪ್ರಭೆ-ಕೃಷ್ಣೆಯರ ನಡುವಿನ ಸೀಮೆಯು ಪ್ರವಾಸಿಗೆ ಮೊದಲ ನೋಟದಲ್ಲಿಯೇ ಸಿರಿವಂತವೆನಿಸುತ್ತದೆ. ಎತ್ತ ನೋಡಿದರೂ ಕಬ್ಬಿನ ಹಸಿರು. ಮುಧೋಳವು ಕವಿ ರನ್ನನ ಜನ್ಮಭೂಮಿ, ಬೇಟೆನಾಯಿಗಳಿಗೆ ಹೆಸರಾದ ಘೋರ್ಪಡೆಯವರ ಸಂಸ್ಥಾನ. ಜಮಖಂಡಿಯು ಪಟವರ್ಧನರ ರಾಜಧಾನಿ. ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ ಮಗ್ಗದ ಸದ್ದು. ಬೀಳಗಿಯಾದರೋ ಆಲಮಟ್ಟಿಯ ಹಿನ್ನೀರಿಗೆ ತನ್ನ ಫಲವತ್ತಾದ ಹೊಲಗಳನ್ನೇ ಒಪ್ಪಿಸಿದ ತಾಲೂಕು.

ಇಷ್ಟಿದ್ದೂ ಉಗಿಬಂಡಿಯು ಈ ಸೀಮೆಯನ್ನು ಬಳಸಿಯೇ ಹೋಯಿತು. ಮೂಡಲಿಗೆ ಗದಗ-ಸೊಲ್ಲಾಪುರದ ಹಳಿ, ಪಡುವಲಿಗೆ ಬೆಳಗಾವಿ-ಮೀರಜದ ಹಳಿ. ಎರಡೂ ಹತ್ತೊಂಬತ್ತನೆಯ ಶತಮಾನದವು. ಇವನ್ನು ಬೆಸೆಯುವ 142 ಕಿಲೋಮೀಟರಿನ ಬಾಗಲಕೋಟೆ-ಕುಡಚಿ ಮಾರ್ಗಕ್ಕೆ ಮಂಜೂರಾತಿ ದೊರೆತುದು 2010-11ರಲ್ಲಿ. ವೆಚ್ಚದಲ್ಲಿ ಅರ್ಧ ರೈಲ್ವೆಯದು, ಅರ್ಧ ರಾಜ್ಯದ್ದು. ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿಲೋಮೀಟರು ಮೊದಲು ಸಿದ್ಧವಾಯಿತು. ಮುಂದಿನ ದಾರಿ ಲೋಕಾಪುರ, ಜಮಖಂಡಿ, ತೇರದಾಳಗಳ ಕಡೆಯದು. ಬೀಳಗಿಯು ಅದರಿಂದ ದೂರವೇ ಉಳಿಯುತ್ತದೆ.

ಕೆಲಸ ನಿಧಾನವಾಗುವುದಕ್ಕೆ ನೆಲವೂ ಒಂದು ಕಾರಣ. ಇಲ್ಲಿಯ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಗರಸಿನ ಹಾಸು ಹಾಕದೆ ಹಳಿ ಕೂರಿಸಲಾಗದು. ಘಟಪ್ರಭೆಗೆ ಸೇತುವೆ ಬೇಕು. ಎಲ್ಲಕ್ಕಿಂತ ಕಠಿಣವಾದುದು ಭೂಸ್ವಾಧೀನ: ನೀರಾವರಿಯ ಕಬ್ಬಿನ ಹೊಲವನ್ನು ಬಿಟ್ಟುಕೊಡುವ ರೈತನಿಗೆ ಪರಿಹಾರವೆಂಬುದು ಬದುಕಿನ ಪ್ರಶ್ನೆ.

ಇದೇ ಅವಧಿಯಲ್ಲಿ ರಾಜಧಾನಿಯು ಬಂಡೆಯನ್ನೇ ಕೊರೆಯಿತು. 2016ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ವಿಧಾನಸೌಧದ ಬಳಿ 4.8 ಕಿಲೋಮೀಟರಿನ ಸುರಂಗದಲ್ಲಿ ಮೆಟ್ರೋ ಓಡತೊಡಗಿತು. ದಕ್ಷಿಣ ಭಾರತದಲ್ಲಿ ಅದೇ ಮೊದಲ ನೆಲದಡಿಯ ಮೆಟ್ರೋ. ನೆಲದೊಳಗಿನ ಹಾದಿ ಸುಲಭವೆಂದಲ್ಲ. ನಗರದ ಅವಸರಕ್ಕೆ ಹಣವೂ ಗಮನವೂ ಬೇಗ ಕೂಡಿಬರುತ್ತವೆ. ನೆಲದ ಮೇಲಿನ ಈ ಹಾದಿಗೆ ಮಂಜೂರಾತಿಯಾಗಿ ಹದಿನೈದು ವರುಷ ಕಳೆದರೂ ಜಮಖಂಡಿಯವನು ರೈಲು ಹಿಡಿಯಲು ಬಸ್ಸು ಏರಲೇಬೇಕಾಯಿತು. ನೇಕಾರನಿಗೆ ನೂಲು ಬರುವುದೂ, ಅವನ ಸೀರೆ ಪೇಟೆ ಸೇರುವುದೂ ಲಾರಿಯಿಂದಲೇ. ಬಾಡಿಗೆ ಏರಿದಂತೆಲ್ಲ ಅವನ ಕೂಲಿ ಕರಗುತ್ತದೆ.

ಕೈಕಟ್ಟಿ ಕೂರುವ ಜನವಲ್ಲ ಇದು. ಜಮಖಂಡಿಯ ಸಮೀಪ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ವಂತಿಗೆ ಕೂಡಿಸಿ, ತಾವೇ ಬೆವರು ಸುರಿಸಿ, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಒಪ್ಪುವಂಥದು. ಆದರೆ ರೈಲುಹಾದಿಯನ್ನು ಶ್ರಮದಾನದಿಂದ ಹಾಕಲಾಗದು. ನದಿಯನ್ನೇ ನಿಲ್ಲಿಸಿದ ಜನ ಸರಕಾರವನ್ನು ಕೇಳುತ್ತಿರುವುದು, ಕೈಹಿಡಿದ ಕೆಲಸವನ್ನು ಕಡೆ ಮುಟ್ಟಿಸಿರೆಂದು ಮಾತ್ರ.