ಉಸಿರಿದೆ, ಎಚ್ಚರವಿಲ್ಲ: ಮಠದ ಗಣಕಯಂತ್ರವೊಂದರ ಪ್ರಸಂಗ



ಗಣಕಯಂತ್ರ ಕೆಟ್ಟಿದೆ ಎಂದು ಹೇಳುವಾಗ ನಾವು ಎರಡು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಗುಂಡಿಯನ್ನು ಒತ್ತಿದರೂ ದೀಪವೇ ಹತ್ತದಿರುವುದು ಒಂದು. ದೀಪ ಹತ್ತಿ, ಒಳಗಿನ ಫ್ಯಾನು ತಿರುಗಿ, ಆದರೂ ಯಂತ್ರವು ಕೆಲಸಕ್ಕೆ ಅಣಿಯಾಗದಿರುವುದು ಇನ್ನೊಂದು. ಮೊದಲನೆಯದರಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ವಿದ್ಯುತ್ತಿನ ಜಾಡನ್ನು ಹಿಡಿದು ಹೋದರೆ ಕಾರಣ ಸಿಕ್ಕೀತು. ಎರಡನೆಯದು ಭ್ರಮೆಗೆ ಎಡೆಮಾಡಿಕೊಡುವ ಸ್ಥಿತಿ. ಬಹಿರಂಗದಲ್ಲಿ ಸಕಲ ಚಲನೆಯೂ ಇದೆ, ಅಂತರಂಗದಲ್ಲಿ ಎಚ್ಚರವಿಲ್ಲ. ಹೀಗಾದಾಗ ಒಬ್ಬರು ಪರದೆಯನ್ನು ದೂರುತ್ತಾರೆ, ಇನ್ನೊಬ್ಬರು ಡಿಸ್ಕನ್ನು ದೂರುತ್ತಾರೆ, ಮತ್ತೊಬ್ಬರು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿರೆನ್ನುತ್ತಾರೆ. ಕಳೆದ ಶ್ರಾವಣದಲ್ಲಿ ಮಠದ ಪ್ರಕಟಣಾ ವಿಭಾಗದ ಯಂತ್ರಕ್ಕೆ ಇಂಥದೇ ಸ್ಥಿತಿ ಒದಗಿತು. ಅದರಿಂದ ತಿಳಿದುಬಂದ ವಿಚಾರಗಳು ಮನೆಯಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಹಳೆಯ ಯಂತ್ರವನ್ನು ಇಟ್ಟುಕೊಂಡಿರುವ ಸದ್ಭಕ್ತರಿಗೂ ಉಪಯೋಗವಾದೀತೆಂದು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೊದಲು ಯಂತ್ರವು ಎಚ್ಚರಗೊಳ್ಳುವ ಬಗೆಯನ್ನು ಅರಿಯಬೇಕು. ಇದಕ್ಕೆ 'ಬೂಟ್ ಆಗುವುದು' ಎನ್ನುತ್ತಾರೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಆಂಗ್ಲ ನುಡಿಗಟ್ಟಿನಿಂದ ಬಂದ ಮಾತಿದು. ಡಿಸ್ಕಿನಲ್ಲಿರುವ ತಂತ್ರಾಂಶವನ್ನು ಓದಲು ಇನ್ನೊಂದು ತಂತ್ರಾಂಶ ಬೇಕು. ಆ ಇನ್ನೊಂದನ್ನು ಓದುವವರು ಯಾರು? ಇದಕ್ಕಾಗಿ ಮದರ್‌ಬೋರ್ಡಿನ ಮೇಲೆಯೇ ಒಂದು ಪುಟ್ಟ ಚಿಪ್ಪಿನಲ್ಲಿ ಬಯಾಸ್ ಎಂಬ ಚಿಕ್ಕ ತಂತ್ರಾಂಶವನ್ನು ಇರಿಸಿರುತ್ತಾರೆ. ಗುಂಡಿ ಒತ್ತಿದೊಡನೆ ಎಸ್‌ಎಂಪಿಎಸ್ ಪೆಟ್ಟಿಗೆಯು 12, 5 ಮತ್ತು 3.3 ವೋಲ್ಟುಗಳ ವಿದ್ಯುತ್ತನ್ನು ಸಿದ್ಧಪಡಿಸುತ್ತದೆ. ಅವು ಸ್ಥಿರವಾದ ಮೇಲೆ ಬೋರ್ಡಿಗೆ 'ಪವರ್ ಗುಡ್' ಎಂಬ ಸಂಕೇತವನ್ನು ಕಳುಹಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರನ್ನು ತಡೆದಿಟ್ಟಿರಲಾಗುತ್ತದೆ. ಆ ಬಳಿಕ ಪ್ರೊಸೆಸರು ಬಯಾಸಿನ ಮೊದಲ ಆಜ್ಞೆಯನ್ನು ಓದುತ್ತದೆ. ಬಯಾಸು ರ‍್ಯಾಮು, ಡಿಸ್‌ಪ್ಲೇ ಮೊದಲಾದ ಅಂಗಗಳನ್ನು ಪರೀಕ್ಷಿಸುತ್ತದೆ; ಇದಕ್ಕೆ ಪೋಸ್ಟ್ ಎಂದು ಹೆಸರು. ಅನಂತರವೇ ಡಿಸ್ಕಿನ ಸರದಿ. ಹಳೆಯ ಕ್ರಮದಲ್ಲಿ ಡಿಸ್ಕಿನ ಮೊದಲ 512 ಬೈಟುಗಳನ್ನು ಓದಲಾಗುತ್ತದೆ. ಇದೀಗ ರೂಢಿಯಲ್ಲಿರುವ ಯುಇಎಫ್‌ಐ ಕ್ರಮದಲ್ಲಿ ಡಿಸ್ಕಿನ ಪ್ರತ್ಯೇಕ ಭಾಗವೊಂದರಲ್ಲಿರುವ ಕಡತವನ್ನು ಓದಲಾಗುತ್ತದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಎಚ್ಚರಗೊಳ್ಳುವುದು ಈ ಎಲ್ಲ ಮೆಟ್ಟಿಲುಗಳನ್ನು ದಾಟಿದ ಮೇಲೆ.

ಆದುದರಿಂದ ಫ್ಯಾನು ತಿರುಗುತ್ತಿದೆ ಎಂಬುದು 12 ವೋಲ್ಟಿನ ವಿದ್ಯುತ್ತು ಬಂದಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಯಂತ್ರವು ಸರಿಯಿದೆ ಎಂಬುದಕ್ಕಲ್ಲ. ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದನ್ನು ಕಂಡುಕೊಳ್ಳುವುದೇ ಅರ್ಧ ಚಿಕಿತ್ಸೆ.

ನಮ್ಮ ಯಂತ್ರದಲ್ಲಿ ಪೂಜ್ಯ ಲಿಂಗೈಕ್ಯ ಗುರುಗಳ ಪ್ರವಚನ ಸಂಪುಟವು ಪೇಜ್‌ಮೇಕರಿನಲ್ಲಿ ಸಿದ್ಧವಾಗುತ್ತಿತ್ತು. ಹಳೆಯ ಅಕ್ಷರವಿನ್ಯಾಸಗಳಿಗಾಗಿ ವಿಂಡೋಸ್ 7 ಉಳಿಸಿಕೊಂಡಿರುವ ಯಂತ್ರವದು. ಅದಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲಿಯೇ ನಿಂತಿರುವುದರಿಂದ ಅಂತರ್ಜಾಲದ ಸಂಪರ್ಕವನ್ನು ಕೊಟ್ಟಿಲ್ಲ. ಎಂಬತ್ತು ದಾಟಿದ, ದೃಷ್ಟಿ ಮಂದವಾಗಿರುವ ಹಿರಿಯ ಪಂಡಿತರೊಬ್ಬರು ಕರಡು ತಿದ್ದುತ್ತಿದ್ದರು. ನಾನು ಓದಿ ಹೇಳುವುದು, ಅವರು ಕಣ್ಣು ಮುಚ್ಚಿ ಆಲಿಸಿ ತಿದ್ದುಪಡಿ ಸೂಚಿಸುವುದು, ಕೂಡಲೇ ಅದನ್ನು ಯಂತ್ರದಲ್ಲಿ ಸೇರಿಸುವುದು, ಇದು ಕ್ರಮ. ಪ್ರತಿ ಅಮಾವಾಸ್ಯೆಯಂದು ಎಲ್ಲ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡುವುದು ವಿಭಾಗದ ನಿಯಮ. ಆಷಾಢದ ಅಮಾವಾಸ್ಯೆಯ ನಂತರ ಹದಿನೇಳು ದಿನ ಕುಳಿತು ತಿದ್ದಿದ 214 ಪುಟಗಳು ಆ ಯಂತ್ರದಲ್ಲಿ ಮಾತ್ರ ಇದ್ದವು. ಬಳಿಕ ಮಳೆಗೆ ಗೋಡೆ ನೆನೆದ ಕಾರಣ ಆ ಕೋಣೆಯ ಮುಖ್ಯ ಸ್ವಿಚ್ಚನ್ನು ಒಂಬತ್ತು ದಿನ ತೆಗೆದಿರಿಸಲಾಗಿತ್ತು. ಗೋಡೆ ಒಣಗಿ, ವಿದ್ಯುತ್ತು ಕೊಟ್ಟು, ಗುಂಡಿ ಒತ್ತಿದಾಗ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು.

ಊರಿನ ಅಂಗಡಿಯವರೊಬ್ಬರಿಗೆ ಫೋನ್ ಮಾಡಿದಾಗ, "ಬೋರ್ಡ್ ಹೋಗಿರ್ತೈತ್ರಿ, ತಗೊಂಡ ಬರ್ರಿ. ಹೊಸಾದು ಹಾಕಿ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ" ಎಂದರು. ಅವರ ದೃಷ್ಟಿಯಲ್ಲಿ ಅದು ಸರಿ. ಯಂತ್ರ ನಡೆಯುವಂತಾದರೆ ಅವರ ಕಾಯಕ ಮುಗಿಯಿತು. ಫಾರ್ಮ್ಯಾಟ್ ಎಂದರೆ ಡಿಸ್ಕಿನ ಮೇಲಿರುವುದೆಲ್ಲ ಅಳಿಯುವುದೆಂದು ಪಂಡಿತರಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೊಮ್ಮೆ ಕುಂಡ್ರೂದೇನೂ ದೊಡ್ಡದಲ್ಲ ತಮ್ಮಾ. ಆದ್ರ ಮೊದಲ್ನೇ ಸಲಕ್ಕ ಹೊಳದಿದ್ದು ಎರಡ್ನೇ ಸಲಕ್ಕ ಹೊಳೀಬೇಕಲ್ಲ" ಎಂದರು. ಆ ಮಾತನ್ನು ಕೇಳಿದ ಮೇಲೆ ಯಂತ್ರವನ್ನು ಅಂಗಡಿಗೆ ಕಳುಹಿಸುವ ಮನಸ್ಸಾಗಲಿಲ್ಲ. ಪ್ರಸಾದನಿಲಯದಲ್ಲಿದ್ದು ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿಯೊಬ್ಬನನ್ನು ಕರೆದುಕೊಂಡು, ಬೋರ್ಡಿನ ಕೈಪಿಡಿಯನ್ನು ಹುಡುಕಿ ತೆಗೆದು, ಕ್ರಮವಾಗಿ ನೋಡೋಣವೆಂದು ಕುಳಿತೆವು.

ಹೊರಗಿನಿಂದ ಒಳಕ್ಕೆ ಹೋಗುವುದು ಮೊದಲ ನಿಯಮ. ಪರದೆಗೆ ತನ್ನದೇ ವಿದ್ಯುತ್ತು ಇದೆಯೇ, ಕೇಬಲ್ಲು ಎರಡೂ ತುದಿಯಲ್ಲಿ ಬಿಗಿಯಾಗಿದೆಯೇ ಎಂದು ನೋಡಿದೆವು. ಪರದೆಯು 'ನೋ ಸಿಗ್ನಲ್' ಎಂದು ತೋರಿಸಿ ಮಲಗುತ್ತಿತ್ತು. ಅಂದರೆ ಪರದೆ ಆರೋಗ್ಯವಾಗಿದೆ, ಯಂತ್ರವೇ ಮಾತನಾಡುತ್ತಿಲ್ಲ. ಬಳಿಕ ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಮುಚ್ಚಳ ತೆಗೆದೆವು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಪುಟಗಳಿದ್ದ ಡಿಸ್ಕಿನ ಎರಡೂ ಕೇಬಲ್ಲುಗಳನ್ನು ಎಲ್ಲಕ್ಕಿಂತ ಮೊದಲು ಕಳಚಿಟ್ಟೆವು. ನಮ್ಮ ಪ್ರಯೋಗದಲ್ಲಿ ಏನೇ ಸಂಭವಿಸಿದರೂ ಅದಕ್ಕೆ ತಾಗಬಾರದೆಂಬುದು ಉದ್ದೇಶ.

ಪ್ರೊಸೆಸರು, ಒಂದು ರ‍್ಯಾಮ್ ಪಟ್ಟಿ, ಪರದೆ ಇಷ್ಟನ್ನೇ ಉಳಿಸಿ ಗುಂಡಿ ಒತ್ತಿದೆವು. ಬೋರ್ಡಿನ ಪುಟ್ಟ ಸ್ಪೀಕರು ಉದ್ದುದ್ದವಾಗಿ ಕೂಗತೊಡಗಿತು. ಪರದೆ ಸಿದ್ಧವಾಗುವ ಮೊದಲೇ ತೊಂದರೆ ಕಂಡರೆ ಬಯಾಸಿಗೆ ಬರೆದು ತೋರಿಸುವ ದಾರಿ ಇರುವುದಿಲ್ಲ. ಅದು ಕೂಗಿಯೇ ಹೇಳಬೇಕು. ಈ ಕೂಗಿನ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿಯನ್ನು ನೋಡಿಯೇ ತಿಳಿಯಬೇಕು. ನಮ್ಮ ಕೈಪಿಡಿಯ ಪ್ರಕಾರ ಅದು ರ‍್ಯಾಮು ಸಿಗುತ್ತಿಲ್ಲವೆಂಬ ಸೂಚನೆ. ಪಟ್ಟಿಯನ್ನು ತೆಗೆದು ನೋಡಿದರೆ ಅದರ ಹೊಂಬಣ್ಣದ ಸಂಪರ್ಕಗಳ ಮೇಲೆ ತೇವದ ಮಬ್ಬು ಕುಳಿತಿತ್ತು. ಮೃದುವಾದ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಎರಡೂ ಬದಿಯ ಕೊಂಡಿ ಕಟ್ಟೆಂದು ಬೀಳುವವರೆಗೆ ಒತ್ತಿ ಕೂಡಿಸಿದೆವು. ಈ ಸಲ ಒಂದೇ ಒಂದು ಚಿಕ್ಕ ಕೂಗು. ಪರದೆಯ ಮೇಲೆ ಬಿಳಿಯ ಅಕ್ಷರ ಮೂಡಿತು.

ಆದರೆ ಆ ಅಕ್ಷರಗಳು ಇನ್ನೊಂದು ತೊಂದರೆಯನ್ನು ಹೇಳುತ್ತಿದ್ದವು. ದಿನಾಂಕವು ಹಲವು ವರ್ಷ ಹಿಂದಿನ ಜನವರಿ 1 ಎಂದಿತ್ತು. ಸಿಮಾಸ್ ವಿವರಗಳು ಅಳಿದಿವೆ, ಮೂಲ ಆಯ್ಕೆಗಳನ್ನು ಹಾಕಿಕೊಂಡಿದ್ದೇನೆ ಎಂಬ ಸೂಚನೆಯಿತ್ತು. ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯು ಗಡಿಯಾರವನ್ನೂ ಈ ಆಯ್ಕೆಗಳನ್ನೂ ಕಾಯುತ್ತದೆ. ಪ್ಲಗ್ಗಿನಲ್ಲಿ ವಿದ್ಯುತ್ತು ಇರುವವರೆಗೆ ಅದಕ್ಕೆ ಹೆಚ್ಚು ಕೆಲಸವಿಲ್ಲ. ಆದುದರಿಂದಲೇ ಅದು ಸೋತಿರುವುದು ಬಹುಕಾಲ ಗೊತ್ತಾಗುವುದಿಲ್ಲ. ಒಂಬತ್ತು ದಿನ ಸ್ವಿಚ್ಚು ತೆಗೆದಾಗ ಅದರ ಬಡತನ ಬಯಲಾಯಿತು. ಅಳೆದಾಗ 2.1 ವೋಲ್ಟು ಇತ್ತು. ಹೊಸದನ್ನು ತಂದು ಹಾಕಿ ದಿನಾಂಕ ಸರಿಪಡಿಸಿದೆವು.

ಡಿಸ್ಕನ್ನು ಮರಳಿ ಜೋಡಿಸಿದಾಗ ವಿಂಡೋಸಿನ ಗುರುತು ಒಂದು ಕ್ಷಣ ಮೂಡಿ, ನೀಲಿ ಪರದೆ ಮಿಂಚಿ, ಯಂತ್ರ ಮತ್ತೆ ಮೊದಲಿನಿಂದ ಆರಂಭವಾಯಿತು. ಹುಡುಗ ಮುಖ ಸಣ್ಣದು ಮಾಡಿಕೊಂಡು, "ಡಿಸ್ಕ್ ಹೋತೇನ್ರಿ ಸರ್?" ಎಂದ. ಬಯಾಸಿನ ಪಟ್ಟಿಯನ್ನು ತೆರೆದು ನೋಡಿದರೆ ಡಿಸ್ಕಿನ ಹೆಸರೂ ಅಳತೆಯೂ ಸರಿಯಾಗಿ ಕಾಣುತ್ತಿದ್ದವು. ಕಾಣುತ್ತಿರುವುದನ್ನು ಸತ್ತಿದೆ ಎನ್ನಲಾಗದು. ಆದರೂ ದುರಸ್ತಿಗೆ ಕೈ ಹಾಕುವ ಮೊದಲು ಪುಟಗಳನ್ನು ಕಾಪಾಡಬೇಕೆಂದು ನಿರ್ಧರಿಸಿ, ಪೆನ್‌ಡ್ರೈವಿನಲ್ಲಿದ್ದ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿದೆವು. ಅದು ಡಿಸ್ಕಿನ ಮೇಲೆ ಏನನ್ನೂ ಸ್ಥಾಪಿಸದೆ ರ‍್ಯಾಮಿನಲ್ಲಿಯೇ ನಡೆಯುತ್ತದೆ. ಡಿಸ್ಕನ್ನು ಓದಲು ಮಾತ್ರ ಬರುವಂತೆ ತೆರೆದು, ಸಂಪುಟದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಇನ್ನೊಂದು ಯಂತ್ರದಲ್ಲಿ ಒಂದೊಂದನ್ನೂ ತೆರೆದು ನೋಡಿದೆವು. 214 ಪುಟಗಳೂ ಇದ್ದವು. ಆ ಸುದ್ದಿಯನ್ನು ಪಂಡಿತರಿಗೆ ತಲುಪಿಸಿ ಬಂದ ಮೇಲೆಯೇ ಮುಂದಿನ ಕೆಲಸ.

ಎಫ್8 ಕೀಲಿಯನ್ನು ಒತ್ತಿ, ತಾನಾಗಿಯೇ ಮತ್ತೆ ಆರಂಭವಾಗುವುದನ್ನು ನಿಲ್ಲಿಸಿದಾಗ ನೀಲಿ ಪರದೆಯ ಬರಹ ಓದಲು ಸಿಕ್ಕಿತು. ಅದರಲ್ಲಿದ್ದ ಸಂಕೇತವು 7ಬಿ ಎಂದು ಕೊನೆಗೊಳ್ಳುತ್ತಿತ್ತು: ಬೂಟ್ ಆಗಬೇಕಾದ ಡಿಸ್ಕು ವಿಂಡೋಸಿನ ಕೈಗೆ ಎಟುಕುತ್ತಿಲ್ಲ ಎಂದರ್ಥ. ಬಯಾಸಿಗೆ ಕಾಣುವ ಡಿಸ್ಕು ವಿಂಡೋಸಿಗೆ ಏಕೆ ಎಟುಕದು? ಡಿಸ್ಕಿನೊಡನೆ ವ್ಯವಹರಿಸಲು ಹಳೆಯ ಬೋರ್ಡುಗಳಲ್ಲಿ ಐಡಿಇ ಮತ್ತು ಎಎಚ್‌ಸಿಐ ಎಂಬ ಎರಡು ರೀತಿಗಳಿರುತ್ತವೆ. ಯಂತ್ರ ಜೋಡಿಸಿದವರು ಎಎಚ್‌ಸಿಐ ಇಟ್ಟು ವಿಂಡೋಸ್ ಹಾಕಿದ್ದರು. ಬ್ಯಾಟರಿ ಸೋತಾಗ ಬೋರ್ಡು ತನ್ನ ಮೂಲ ಆಯ್ಕೆಯಾದ ಐಡಿಇಗೆ ಮರಳಿತ್ತು. ಬಯಾಸಿನಲ್ಲಿ ಆ ಒಂದು ಸಾಲನ್ನು ಬದಲಿಸಿ, ಉಳಿಸಿ, ಹೊರಬಂದೆವು. ವಿಂಡೋಸ್ ಎಂದಿನಂತೆ ಎದ್ದಿತು.

ಸದ್ಭಕ್ತರು ಗಮನಿಸಬೇಕಾದುದು ಇಷ್ಟು. ಹೊರಗೆ ಕಂಡ ಲಕ್ಷಣ ಒಂದೇ, ಯಂತ್ರ ಏಳುತ್ತಿಲ್ಲ ಎಂಬುದು. ಒಳಗೆ ಕಾರಣಗಳು ಮೂರು: ತೇವ ಹಿಡಿದ ಸಂಪರ್ಕ, ಸೋತ ಬ್ಯಾಟರಿ, ಬದಲಾದ ಆಯ್ಕೆ. ಒಂದನ್ನು ನೀಗಿಸಿದ ಮೇಲೆಯೇ ಇನ್ನೊಂದು ಕಾಣಿಸಿಕೊಂಡಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಿದುದರಿಂದ ಅವು ಬಿಡಿಬಿಡಿಯಾಗಿ ತಿಳಿದವು. ಎರಡನೆಯ ತೊಂದರೆ ಕಂಡಾಗ ಮೊದಲನೆಯ ಚಿಕಿತ್ಸೆಯೇ ತಪ್ಪೆಂದು ಭಾವಿಸಿ ಕೈಬಿಟ್ಟಿದ್ದರೆ, ಬೋರ್ಡನ್ನೂ ಬದಲಿಸಿ, ಡಿಸ್ಕನ್ನೂ ಅಳಿಸಿ, ನಿಜವಾದ ಕಾರಣವನ್ನು ಅರಿಯದೆಯೇ ಹೊಸ ಯಂತ್ರದ ಮುಂದೆ ಕುಳಿತಿರುತ್ತಿದ್ದೆವು. ಖರ್ಚಾದುದು ಒಂದು ಪುಟ್ಟ ಬ್ಯಾಟರಿಯ ಬೆಲೆ ಮಾತ್ರ.

ಇನ್ನೊಂದು ಮಾತು. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಡವೋಲೆಗಳನ್ನು ಅರಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅದು ಸಾಧ್ಯವಾದುದು ಒಂದೇ ಕೃತಿಯನ್ನು ಹಲವರು ಹಲವೆಡೆ ಬರೆದು ಇಟ್ಟುಕೊಂಡಿದ್ದರಿಂದ. ಓಲೆಗೆ ಗೆದ್ದಲು, ಡಿಸ್ಕಿಗೆ ತೇವ. ಕಾಪಾಡುವ ಉಪಾಯ ಮಾತ್ರ ಒಂದೇ. ನಮ್ಮ ವಿಭಾಗದಲ್ಲಿ ಈಗ ನಕಲು ಮಾಡುವುದು ಅಮಾವಾಸ್ಯೆಗೊಮ್ಮೆಯಲ್ಲ, ಪ್ರತಿದಿನ ಸಂಜೆ. ಒಂದು ಪ್ರತಿ ಮಠದಲ್ಲಿ, ಇನ್ನೊಂದು ಊರಾಚೆಯ ಶಾಖಾಮಠದಲ್ಲಿ. ನಿಮ್ಮ ಮನೆಯ ಯಂತ್ರದಲ್ಲಿ ಹಿರಿಯರ ಧ್ವನಿಯೋ ಚಿತ್ರವೋ ಇದ್ದರೆ, ಅದು ಚೆನ್ನಾಗಿ ನಡೆಯುತ್ತಿರುವ ಇಂದೇ ಇನ್ನೊಂದು ಪ್ರತಿ ಮಾಡಿಡಿ.