ಸುಂಟಿಕೊಪ್ಪದ ದಾರಿಯೂ ಹಿಂದಿನ ಗಾಲಿಯ ಟೈರೂ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು. ಈ ಹಾದಿಯಲ್ಲಿ ಬಸ್ಸಿನಲ್ಲಿ ಹೋದವರು ಸಾವಿರಾರು ಮಂದಿ ಇದ್ದಾರೆ. ಕಾರಿನಲ್ಲಿ ಹೋದವರಿಗೂ ಲೆಕ್ಕವಿಲ್ಲ. ಆದರೆ ಈ ದಾರಿಯ ಗುಣಾವಗುಣಗಳನ್ನು ಅರಿಯಬೇಕಾದರೆ ಮೋಟಾರ್ ಸೈಕಲ್ಲಿನ ಮೇಲೆಯೇ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಇಲವಾಲ, ಬಿಳಿಕೆರೆಗಳನ್ನು ದಾಟಿ ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯನ್ನು ಹಾಯ್ದರೆ, ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು. ಅಲ್ಲಲ್ಲಿ ಎಲೆ ಬೇಯಿಸುವ ಎತ್ತರದ ಮನೆಗಳು. ಪಿರಿಯಾಪಟ್ಟಣ ಕಳೆದು ಬೈಲುಕುಪ್ಪೆಯ ಟಿಬೆಟನ್ನರ ಬಾವುಟಗಳು ಕಾಣುವ ಹೊತ್ತಿಗೆ ಗಾಳಿಯ ರುಚಿಯೇ ಬದಲಾಗಿರುತ್ತದೆ. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದೊಡನೆ ಬಯಲು ಮುಗಿಯಿತು. ಮುಂದೆ ಆನೆಕಾಡು, ಸುಂಟಿಕೊಪ್ಪ, ಕಾಫಿಯ ತೋಟಗಳು, ಏರು, ತಿರುವು, ಮತ್ತೆ ಏರು.

ಮಡಿಕೇರಿಯಲ್ಲಿ ನನ್ನ ಅತ್ತೆಯವರು ಒಬ್ಬರೇ ಇದ್ದಾರೆ. ತಿಂಗಳಿಗೊಮ್ಮೆಯಾದರೂ ನಾವಿಬ್ಬರೂ ಅಲ್ಲಿಗೆ ಹೋಗಿ ಬರುವುದು ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ. ನಮ್ಮ ವಾಹನವೆಂದರೆ ತಂದೆಯವರು 1969ರಲ್ಲಿ ಕೊಂಡ ಜಾವಾ. ಅದು ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿಯೇ ಹುಟ್ಟಿದ್ದು. ಹೆಸರು ಮಾತ್ರ ದೂರದ್ದು. ಚೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರಗಳಿಗೆ, ‘ವಾಂಡರರ್’ ಎಂಬ ಜರ್ಮನ್ ಕಂಪೆನಿಯ ಮೊದಲೆರಡು ಅಕ್ಷರಗಳನ್ನು ಸೇರಿಸಿ 1929ರಲ್ಲಿ ಕಟ್ಟಿದ ಸಮಾಸ ಅದು. ಕನ್ನಡ ಪಾಠ ಹೇಳುವವನಿಗೆ ಸಮಾಸ ಬಿಡಿಸುವ ಚಟ ತಪ್ಪುವುದಿಲ್ಲ; ವಾಚಕರು ಕ್ಷಮಿಸಬೇಕು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಮುಚ್ಚಲೊಪ್ಪದೆ ಊರಿನ ಬೀದಿಗಳಲ್ಲಿ ಇನ್ನೂ ಸದ್ದು ಮಾಡುತ್ತಿವೆ.

2022ರ ಜುಲೈ ತಿಂಗಳ ಒಂದು ಶನಿವಾರ. ಆನೆಕಾಡನ್ನು ದಾಟಿ ಸುಂಟಿಕೊಪ್ಪಕ್ಕೆ ಇನ್ನೇನು ಸ್ವಲ್ಪ ದೂರವಿದೆ ಎನ್ನುವಾಗ ಏರಿನಲ್ಲಿ ಒಂದು ಬಲ ತಿರುವು ಬಂದಿತು. ಮಳೆ ಆಗತಾನೆ ನಿಂತಿತ್ತು. ರಸ್ತೆಯ ಮೇಲೆ ಸಿಲ್ವರ್ ಮರದ ಎಲೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ನಾನು ಅವಸರದವನಲ್ಲ, ಆದರೆ ಏರಿಗೆಂದು ತಿರುವಿನ ನಡುವೆಯೇ ಸ್ವಲ್ಪ ಹೆಚ್ಚಾಗಿ ಆಕ್ಸಿಲರೇಟರು ತಿರುಗಿಸಿದೆ. ಹಿಂದಿನ ಗಾಲಿ, ಯಾರೋ ಬಾಲ ಹಿಡಿದು ಎಳೆದಂತೆ, ಪಕ್ಕಕ್ಕೆ ಸರಿಯಿತು. ಮರುಕ್ಷಣದಲ್ಲಿ ಗಾಡಿ ಮಲಗಿತ್ತು; ನಾವಿಬ್ಬರೂ ರಸ್ತೆಯಂಚಿನ ಕೆಂಪು ಕೆಸರಿನಲ್ಲಿ ಕುಳಿತಿದ್ದೆವು. ಹಿಂದೆ ಬರುತ್ತಿದ್ದ ಲಾರಿ ನಾಲ್ಕು ಮಾರು ದೂರದಲ್ಲಿ ನಿಂತಿತು. ನನ್ನ ಹೆಂಡತಿಯ ಮೊಣಕೈ ತರಚಿತ್ತು, ನನ್ನ ಷರಾಯಿ ಹರಿದಿತ್ತು. ನಷ್ಟ ಇಷ್ಟೆ. ಲಾರಿಯ ಚಾಲಕ ಇಳಿದು ಬಂದು ಗಾಡಿಯನ್ನು ಎತ್ತಲು ಕೈಕೊಟ್ಟನು. ಅವನ ಮುಖವನ್ನು ನೋಡಿದಾಗಲೇ ಆ ನಾಲ್ಕು ಮಾರಿನ ಅರ್ಥ ನಮಗಾದದ್ದು.

ಅವಳು ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, “ನೋಡಿ, ಇದಕ್ಕೆ ಏನು ಮಾಡಬೇಕೋ ಅದನ್ನು ಮಾಡಿಸುವವರೆಗೆ ನಾನು ಬಸ್ಸಿನಲ್ಲಿ ಬರುತ್ತೇನೆ” ಎಂದಳು. ಬೈದಿದ್ದರೆ ಉತ್ತರ ಕೊಡಬಹುದಾಗಿತ್ತು.

ಮೈಸೂರಿಗೆ ಮರಳಿದ ಮೇಲೆ ನಾನು ಮೊದಲು ನೋಡಿದ್ದು ಹಿಂದಿನ ಟೈರನ್ನು. ಸವೆದು ಬೋಳಾಗಿದೆ ಎಂದು ನಿರೀಕ್ಷಿಸಿದ್ದೆ. ಆಶ್ಚರ್ಯವೆಂದರೆ ಬಟನುಗಳು ಇನ್ನೂ ಎತ್ತರವಾಗಿಯೇ ಇದ್ದವು. ನಡುವೆ ಸ್ವಲ್ಪ ಚಪ್ಪಟೆಯಾಗಿದ್ದುದು ಬಿಟ್ಟರೆ ಕುಂದೇನೂ ಕಾಣಲಿಲ್ಲ. ಹಾಗಾದರೆ ತಪ್ಪು ನನ್ನದೇ, ಎಲೆಯದೇ? ಸಂಶಯ ಪರಿಹಾರಕ್ಕೆಂದು ನಮ್ಮ ಹಳೆಯ ಮೆಕ್ಯಾನಿಕ್ ಯಜಮಾನರ ಬಳಿಗೆ ಹೋದೆ. ಅವರು ಯೌವನದಲ್ಲಿ ಯಾದವಗಿರಿಯ ಕಾರ್ಖಾನೆಯಲ್ಲಿಯೇ ದುಡಿದವರು. ಈಗ ಮನೆಯ ಮುಂದಿನ ಹೊಂಗೆಯ ಮರದ ಕೆಳಗೆ ಇಂಥ ಗಾಡಿಗಳನ್ನು ಮಾತ್ರ ನೋಡುತ್ತಾರೆ.

ಅವರು ಟೈರನ್ನು ನೋಡಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ರಬ್ಬರಿನಲ್ಲಿ ಊರಿದರು.

“ಮೇಷ್ಟ್ರೇ, ನೀವೂ ಊರಿ ನೋಡಿ.”

ಊರಿದೆ. ಒಣಗಿದ ಕೊಬ್ಬರಿಯ ಚಿಪ್ಪಿಗೆ ಉಗುರು ಊರಿದಂತಾಯಿತು.

“ಇದು ಸವೆದದ್ದಲ್ಲ, ಮುದಿಯಾದದ್ದು” ಎಂದರು ಅವರು. ಬಳಿಕ ಟೈರಿನ ಪಕ್ಕವನ್ನು ಬಟ್ಟೆಯಿಂದ ಉಜ್ಜಿ, ಪುಟ್ಟದೊಂದು ಮೊಟ್ಟೆಯಾಕಾರದ ಗೆರೆಯೊಳಗಿದ್ದ ನಾಲ್ಕು ಅಂಕೆಗಳನ್ನು ತೋರಿಸಿದರು: 1811. ಮೊದಲೆರಡು ಅಂಕೆಗಳು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2011ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ ತಯಾರಾದ ಟೈರು ಅದು. ಹನ್ನೊಂದು ವರ್ಷದ ಹಿಂದಿನದು!

ನನಗೆ ನಾಚಿಕೆಯಾಯಿತು. ಕಾಲ ನಮೂದಿಸದ ಶಾಸನದ ಅಕ್ಷರಗಳ ಬಾಗು ಬಳುಕುಗಳನ್ನು ನೋಡಿ ಅದು ಯಾವ ಶತಮಾನದ್ದೆಂದು ಊಹಿಸುವುದನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಕಲಿಸುವವನು ನಾನು. ಇಸವಿ, ವಾರಗಳನ್ನು ಬಿಚ್ಚಿ ಕೆತ್ತಿದ್ದ ಈ ಶಾಸನವನ್ನು ಮಾತ್ರ ಒಮ್ಮೆಯೂ ಓದಿರಲಿಲ್ಲ.

ಮನೆಗೆ ಬಂದು ತಂದೆಯವರ ನೋಟ್‌ಬುಕ್ಕನ್ನು ಹುಡುಕಿದೆ. ಗಾಡಿಗೆ ಹಾಕಿಸಿದ ಪ್ರತಿಯೊಂದು ಸಾಮಾನನ್ನೂ ಅವರು ಅದರಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಹಿಂದಿನ ಟೈರು ಹಾಕಿಸಿದ್ದು 2012ರ ಜನವರಿಯಲ್ಲಿ. ಅವರ ಕಾಯಿಲೆಯ ಎರಡು ವರ್ಷ ಗಾಡಿ ಹೊರಗೆ ಬಂದದ್ದೇ ಅಪರೂಪ. 2019ರಲ್ಲಿ ಅವರು ತೀರಿಕೊಂಡರು. 2020ರಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಗಾಡಿಯೂ ಷೆಡ್ಡಿನಲ್ಲಿ ನಿಂತಿತು. ಓಡದ ಗಾಡಿಯ ಟೈರು ಸವೆಯುವುದಿಲ್ಲ ನಿಜ. ಆದರೆ ಗಾಳಿಯೂ ಬಿಸಿಲೂ ರಬ್ಬರಿನ ಮೆದುತನವನ್ನು ದಿನದಿನವೂ ಕದಿಯುತ್ತಿರುತ್ತವೆ. ಬಟನಿನ ನಡುವಣ ಕಾಲುವೆಗಳ ಕೆಲಸ ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ದೂಡುವುದು. ದೂಡಿದ ಮೇಲೆ ನೆಲವನ್ನು ಕಚ್ಚಿ ಹಿಡಿಯಬೇಕಾದದ್ದು ರಬ್ಬರು. ನಮ್ಮ ಟೈರಿನಲ್ಲಿ ಕಾಲುವೆಗಳಿದ್ದವು, ಹಿಡಿತವಿರಲಿಲ್ಲ.

ಇನ್ನು ಹೊಸದನ್ನು ಕೊಳ್ಳುವ ಕಥೆ. ಜಾವಾದ ಎರಡೂ ಗಾಲಿಗಳಿಗೆ ಬೇಕಾದ ಅಳತೆ 3.25-16, ಅಂದರೆ ಅಗಲ ಮೂರೂಕಾಲು ಇಂಚು, ರಿಮ್ಮಿನ ಅಡ್ಡಳತೆ ಹದಿನಾರು ಇಂಚು. ಇಂದಿನ ಗಾಡಿಗಳಲ್ಲಿ ಹೆಚ್ಚಿನವು ಹದಿನೇಳು, ಹದಿನೆಂಟು ಇಂಚಿನವು. ಆದುದರಿಂದ ಎಲ್ಲ ಅಂಗಡಿಗಳಲ್ಲಿಯೂ ನಮ್ಮದು ಸಿಕ್ಕುವುದಿಲ್ಲ. ಊರಿನ ಮೊದಲನೆಯ ಅಂಗಡಿಯವನು, “3.50 ಹಾಕಿ ಸಾರ್, ದಪ್ಪಗೆ ಚೆನ್ನಾಗಿರುತ್ತೆ, ಹಿಡಿತಾನೂ ಜಾಸ್ತಿ” ಎಂದನು. ದಪ್ಪವೆಂದರೆ ಭದ್ರವೆಂದು ನನಗೂ ತೋರಿತು. ಆದರೆ ಜಾವಾದ ಚೈನು ಪೂರ್ತಿಯಾಗಿ ತಗಡಿನ ಮುಚ್ಚಳದೊಳಗಿದೆ. ಆ ಮುಚ್ಚಳಕ್ಕೂ ಟೈರಿಗೂ ನಡುವಣ ಸಂದಿನಲ್ಲಿ ನನ್ನ ಕಿರುಬೆರಳು ಮಾತ್ರ ತೂರುತ್ತದೆ. ಇಬ್ಬರು ಕುಳಿತು ಹಳ್ಳಕ್ಕೆ ಇಳಿದರೆ ದಪ್ಪ ಟೈರು ಅದಕ್ಕೆ ಉಜ್ಜದೆ ಇರುತ್ತದೆಯೆ? ಅಲ್ಲಿಂದ ಹೊರಬಂದೆ.

ಎರಡನೆಯ ಅಂಗಡಿಯಲ್ಲಿ 3.25-16 ಇದ್ದಿತು. ಕನ್ನಡಿಯಂತೆ ಹೊಳೆಯುತ್ತಿತ್ತು. ಬೆಲೆಯಲ್ಲಿಯೂ ರಿಯಾಯಿತಿ. ಜೇಬಿಗೆ ಕೈ ಹಾಕಿದವನು ಉಗುರಿನ ನೆನಪಾಗಿ ನಿಂತೆ. ಪಕ್ಕವನ್ನು ತಿರುಗಿಸಿ ಓದಿದೆ. 3115! ಏಳು ವರ್ಷ ಅಟ್ಟದ ಮೇಲೆ ಕುಳಿತಿದ್ದ ‘ಹೊಸ’ ಟೈರು. “ಒಂದು ಕಿಲೋಮೀಟರೂ ಓಡಿಲ್ಲ ಸಾರ್” ಎಂದು ಅಂಗಡಿಯವನು ಹೇಳಿದನು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಹಳೆಯ ಟೈರಿನ ವಿಷಯದಲ್ಲಿ ನಾನೂ ಮನಸ್ಸಿನಲ್ಲಿ ಅದೇ ಮಾತನ್ನಾಡಿಕೊಂಡಿದ್ದೆನಲ್ಲವೆ?

ಆಗಸ್ಟಿನ ಮೊದಲ ವಾರ ಪರೀಕ್ಷೆಯ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಬೇಕಾಯಿತು. ಕೆಲಸ ಮುಗಿದೊಡನೆ ಪುರಭವನದ ಬಳಿ ಬಸ್ಸಿಳಿದು ಜೆ.ಸಿ. ರಸ್ತೆಯನ್ನು ಹಿಡಿದೆ. ವಿದ್ಯಾರ್ಥಿಯಾಗಿದ್ದಾಗ ಈ ರಸ್ತೆಗೆ ನಾನು ಬರುತ್ತಿದ್ದುದು ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಲು. 1963ರಿಂದ ಆ ರಂಗಮಂದಿರ ಅಲ್ಲಿ ನಿಂತಿದೆ. ಅದರ ಎದುರಿಗೂ ಆಚೆಗೂ ಮೋಟಾರು ಸಾಮಾನಿನ ಇಷ್ಟೊಂದು ಅಂಗಡಿಗಳಿವೆ ಎಂಬುದನ್ನು ಆಗ ಕಣ್ಣು ಗಮನಿಸಿರಲಿಲ್ಲ. ಬಾಗಿಲಿನಿಂದ ಮಾಡಿನವರೆಗೆ ಟೈರುಗಳನ್ನು ಬಳೆಗಳಂತೆ ಜೋಡಿಸಿದ್ದಾರೆ. ಹೊಸ ರಬ್ಬರಿನ ವಾಸನೆ, ಗ್ರೀಸಿನ ವಾಸನೆ, ಪಕ್ಕದ ಹೋಟೆಲಿನ ದೋಸೆಯ ವಾಸನೆ ಮೂರೂ ಬೆರೆತು ಬೀದಿಗೇ ಒಂದು ವಿಶಿಷ್ಟ ಗಂಧವಿದೆ. ಜಯಚಾಮರಾಜೇಂದ್ರ ಒಡೆಯರ ಹೆಸರಿನ ರಸ್ತೆ ಇದು. ಯಾದವಗಿರಿಯ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರೂ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಅವರೇ. ನಮ್ಮ ಗಾಡಿಯ ಟೈರು ಅವರ ಬೀದಿಯಲ್ಲಿಯೇ ಸಿಕ್ಕಬೇಕೆಂದಿದ್ದರೆ ಅದು ನ್ಯಾಯವಾಗಿಯೇ ಇದೆ.

ನಾಲ್ಕನೆಯ ಅಂಗಡಿಯಲ್ಲಿ ಕನ್ನಡಕದ ವೃದ್ಧರೊಬ್ಬರು ಕುಳಿತಿದ್ದರು. “ಗಾಡಿ ಯಾವುದು?” ಎಂದರು. ಹೇಳಿದೆ. “ಎಲ್ಲಿ ಓಡಿಸ್ತೀರಿ?” ಎಂಬುದು ಎರಡನೆಯ ಪ್ರಶ್ನೆ. ಮೈಸೂರಿನಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಮಡಿಕೇರಿಯ ದಾರಿ, ಮಳೆಗಾಲ, ಹಿಂದೆ ಒಬ್ಬರು ಕುಳಿತಿರುತ್ತಾರೆ, ತಿಂಗಳಿಗೆ ಒಂದೆರಡು ಬಾರಿ ಎಂದು ವಿವರಿಸಿದೆ.

“ಹಾಗಾದರೆ ಬಹುಕಾಲ ಬಾಳುವ ಗಟ್ಟಿ ರಬ್ಬರು ನಿಮಗೆ ಬೇಡ. ಅದು ದಿನಾ ನೂರು ಕಿಲೋಮೀಟರು ತಿರುಗುವವರಿಗೆ. ನೀವು ಸವೆಸುವುದಕ್ಕೆ ಮುಂಚೆ ಅದು ಮುದಿಯಾಗುತ್ತೆ. ಮೆತ್ತಗಿರೋದನ್ನು ಹಾಕಿಸಿ. ಬೇಗ ಸವೆದರೆ ಸವೆಯಲಿ” ಎಂದರು.

ಇಷ್ಟು ದಿನ ನಾನು ಹುಡುಕುತ್ತಿದ್ದುದು ಹೆಚ್ಚು ದಿನ ಬಾಳುವ ಟೈರನ್ನು! ಅಟ್ಟದಿಂದ ಅವರ ಹುಡುಗ ಇಳಿಸಿದ ಟೈರಿನ ಮೇಲೆ ಉಗುರು ಊರಿದೆ. ಉಗುರಿನ ಗುರುತು ಮೂಡಿ ಮೆಲ್ಲನೆ ಮಾಯವಾಯಿತು. ಅಂಕೆ 0922. ಅದರ ಪಕ್ಕದಲ್ಲಿ 55 ಪಿ ಎಂದಿತ್ತು. ಒಂದು ಟೈರು 218 ಕಿಲೋಗ್ರಾಂ ಭಾರವನ್ನು ಹೊರಬಲ್ಲದು, ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ ತಾಳಬಲ್ಲದು ಎಂದು ಅದರ ಅರ್ಥವೆಂದು ವೃದ್ಧರು ತಿಳಿಸಿದರು. ನಮ್ಮಿಬ್ಬರ ಭಾರವನ್ನು ಮನಸ್ಸಿನಲ್ಲಿಯೇ ಕೂಡಿ ನೋಡಿ ಸಮಾಧಾನಪಟ್ಟೆ. ವೇಗದ ವಿಷಯದಲ್ಲಿ ಚಿಂತೆಯೇ ಇರಲಿಲ್ಲ. ಅರವತ್ತನ್ನು ದಾಟಿದರೆ ಬೆನ್ನಿಗೆ ತಿವಿಯುವವರು ಹಿಂದೆ ಕುಳಿತಿರುತ್ತಾರೆ. ಟೈರಿನ ಜೊತೆಗೆ ಹೊಸ ಟ್ಯೂಬನ್ನೂ, ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನೊಳಗೆ ಸುತ್ತುವ ರಬ್ಬರಿನ ಪಟ್ಟಿಯನ್ನೂ ಕೊಂಡೆ. ಟೈರನ್ನು ಹೆಗಲಿಗೆ ಹಾಕಿಕೊಂಡು ಮೈಸೂರಿನ ರೈಲು ಹತ್ತಿದಾಗ ಎದುರಿನ ಹಲಗೆಯಲ್ಲಿದ್ದ ಒಂದು ಮಗು ಅದರೊಳಗೆ ತಲೆ ತೂರಿಸಿ ಚನ್ನಪಟ್ಟಣದವರೆಗೆ ಆಟವಾಡಿತು.

ಮೆಕ್ಯಾನಿಕ್ ಯಜಮಾನರು ಚೈನನ್ನು ಮುಟ್ಟದೆಯೇ ಹಿಂದಿನ ಗಾಲಿಯನ್ನು ಹೊರಗೆಳೆದರು. ಜಾವಾದ ಈ ಅನುಕೂಲವನ್ನು ಹೊಗಳದೆ ಅವರು ಯಾವ ಗಾಲಿಯನ್ನೂ ಬಿಚ್ಚುವುದಿಲ್ಲ. ಟ್ಯೂಬಿಗೆ ಬಿಳಿಯ ಪುಡಿ ಬಳಿದು, ಟೈರಿನ ಮೇಲಿನ ಬಾಣದ ಗುರುತು ಗಾಲಿ ಉರುಳುವ ದಿಕ್ಕಿಗೇ ಇರುವಂತೆ ನೋಡಿ ಹಾಕಿದರು. “ಹೊಸ ಟೈರಿನ ಮೈ ನುಣುಪಾಗಿರುತ್ತೆ, ಮೇಷ್ಟ್ರೇ. ನೂರು ನೂರೈವತ್ತು ಕಿಲೋಮೀಟರು ಒಣ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಆಮೇಲೆ ಘಟ್ಟ” ಎಂದು ಎಚ್ಚರಿಸಿದರು. ಅದರಂತೆ ಒಂದು ದಿನ ಶ್ರೀರಂಗಪಟ್ಟಣಕ್ಕೂ, ಎರಡು ದಿನ ನಂಜನಗೂಡಿಗೂ ಹೋಗಿ ಬಂದೆ. ನಂಜುಂಡೇಶ್ವರನ ದರ್ಶನ ಟೈರಿನ ನೆಪದಲ್ಲಿ ಎರಡು ಬಾರಿ ಆಯಿತು.

ಆ ತಿಂಗಳ ಕೊನೆಯ ಶನಿವಾರ ನನ್ನ ಹೆಂಡತಿ ಷೆಡ್ಡಿಗೆ ಬಂದಳು. ಏನನ್ನೂ ಕೇಳದೆ ಬಾಗಿ, ಹೊಸ ಟೈರಿಗೆ ಉಗುರು ಊರಿ ನೋಡಿ, ಹಿಂದೆ ಹತ್ತಿ ಕುಳಿತಳು. ಹುಣಸೂರಿನವರೆಗೆ ಬಿಸಿಲು. ಕುಶಾಲನಗರದಲ್ಲಿ ತುಂತುರು. ಆನೆಕಾಡಿನಲ್ಲಿ ಮಳೆ ಚೆನ್ನಾಗಿಯೇ ಹಿಡಿಯಿತು. ಆ ತಿರುವು ಸಮೀಪಿಸಿದಾಗ ಅವಳ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯಿತು. ತಿರುವಿಗೆ ಮುಂಚೆಯೇ ವೇಗವಿಳಿಸಿ, ಗೇರು ಬದಲಿಸಿ, ಈ ಸಲ ಆಕ್ಸಿಲರೇಟರನ್ನು ಅಲುಗಿಸದೆ ಹೋದೆ. ಎಲೆಗಳು ಅಂದಿನಂತೆಯೇ ಬಿದ್ದಿದ್ದವು. ಗಾಡಿ ಅವುಗಳ ಮೇಲೆ ಹಾಯ್ದು ಏರನ್ನೇರಿತು. ಹೆಗಲಿನ ಮೇಲಿನ ಕೈ ಸುಂಟಿಕೊಪ್ಪದ ಪೇಟೆ ಬಂದ ಮೇಲೆಯೇ ಸಡಿಲವಾಯಿತು. ಅಲ್ಲಿ ಕಾಫಿ ಕುಡಿದೆವು.

ಮೈಸೂರಿಗೆ ಹಿಂದಿರುಗಿದ ರಾತ್ರಿ ತಂದೆಯವರ ನೋಟ್‌ಬುಕ್ಕಿನಲ್ಲಿ ಅವರ ಅಕ್ಷರಗಳ ಕೆಳಗೆ ತಾರೀಖನ್ನೂ 0922 ಎಂಬ ಅಂಕೆಯನ್ನೂ ಪೆನ್ಸಿಲಿನಿಂದಲೇ ಬರೆದೆ. ನನ್ನ ಹೆಂಡತಿ ಹೆಗಲ ಮೇಲಿನಿಂದ ಬಗ್ಗಿ ನೋಡಿ, “ಮುಂದಿನ ಗಾಲಿಯದು ಎಷ್ಟು?” ಎಂದಳು.

ಟಾರ್ಚು ಹಿಡಿದು ಷೆಡ್ಡಿಗೆ ಹೋಗಿ ಓದಿ ಬಂದೆ. 4217. ಅವಳು ಏನೂ ಹೇಳಲಿಲ್ಲ. ಮರುದಿನ ಬೆಂಗಳೂರಿನಿಂದ ತರಬೇಕಾದ ಸಾಮಾನುಗಳ ಪಟ್ಟಿ ನನ್ನ ಮೇಜಿನ ಮೇಲಿತ್ತು. ಕಾಫಿಯ ಫಿಲ್ಟರಿನ ಕೆಳಗೆ, ರವಿಕೆಯ ಬಟ್ಟೆಗಿಂತ ಮೇಲೆ, ಬರೆದಿತ್ತು: ಟೈರು ಒಂದು, ಮುಂದಿನದು.