ಸಮುದ್ರವಿಲ್ಲದ ಊರಿನ ಯುದ್ಧನೌಕೆ

ರಾಯಚೂರು ಜಿಲ್ಲೆಯವರಾದ ನಮಗೆ ನೀರೆಂದರೆ ಎರಡು ಹೊಳೆ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ದೇವದುರ್ಗದ ಕಡೆಯವನಾದ ನಾನು ಚಿಕ್ಕಂದಿನಲ್ಲಿ ಕಂಡ ದೊಡ್ಡ ಹಡಗು ಅಂದರೆ ಹರಿಗೋಲು. ಸಮುದ್ರ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ, ಮಕ್ಕಳನ್ನು ಪ್ರವಾಸಕ್ಕೆಂದು ಕಾರವಾರಕ್ಕೆ ಕರೆದುಕೊಂಡು ಹೋದಾಗ. ಕಡಲಲ್ಲಿ ಕಂಡ ನಡುಗಡ್ಡೆಗಳನ್ನು ತೋರಿಸಿ ಮಕ್ಕಳು ಕೇಳಿದರೆ, ‘ಗುಡ್ಡ’ ಎಂದಷ್ಟೇ ಹೇಳಿ ಮುಂದೆ ನಡೆದಿದ್ದೆ. ಅಂಥ ಮೇಷ್ಟ್ರು ನಾನು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ಮಾನ್ವಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಒಂಬತ್ತನೆಯ ತರಗತಿಗೆ ಆರ್ಕಿಮಿಡೀಸನ ನಿಯಮ ಹೇಳುತ್ತಿದ್ದೆ. ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ಯಾಕೆ ತೇಲುತ್ತದೆ ಎಂಬಲ್ಲಿಗೆ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ.

‘ಸರ್ರೀ, ಮೈಸೂರು ಅಂತ ಒಂದು ಯುದ್ಧದ ಹಡಗ ಇತ್ತಂತ್ರಿ. ಅದು ಎಷ್ಟ್ ದೊಡ್ಡದು ಇತ್ರಿ?’

ನನಗೆ ನಗು ಬಂತು. ‘ಮೈಸೂರಾಗ ಸಮುದ್ರ ಎಲ್ಲೈತೋ? ಚಾಮುಂಡಿ ಬೆಟ್ಟದ ಮ್ಯಾಲೆ ಓಡಿಸ್ತಿದ್ರೇನು?’ ಎಂದೆ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಚೂರಿನಲ್ಲಿ ಅದನ್ನು ಓದಿದ್ದನೆಂದು ಆಮೇಲೆ ಗೊತ್ತಾಯಿತು.

ಆ ವಾರ ರಾಯಚೂರಿಗೆ ಬಂದಾಗ ಗೆಳೆಯರೊಬ್ಬರ ಮನೆಯಲ್ಲಿ ನೌಕಾಪಡೆಯ ಇತಿಹಾಸದ ಪುಸ್ತಕವೊಂದು ಕೈಗೆ ಸಿಕ್ಕಿತು. ತಿರುವಿ ಹಾಕಿದೆ. ಹುಡುಗ ಹೇಳಿದ್ದು ಸರಿಯಾಗಿತ್ತು. ಬಿ.ಎಸ್ಸಿ., ಬಿ.ಎಡ್. ಮಾಡಿದ ಮೇಷ್ಟ್ರೇ ತಪ್ಪಿದ್ದರು.

ಐಎನ್‌ಎಸ್ ಮೈಸೂರು ಹುಟ್ಟಿದ್ದು ಬೇರೆ ಹೆಸರಿನಿಂದ. ಇಂಗ್ಲೆಂಡಿನ ಟೈನ್ ನದಿಯ ದಂಡೆಯ ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಾರ್ಖಾನೆಯಲ್ಲಿ ಕಟ್ಟಿದ ಈ ಕ್ರೂಸರ್ ನೀರಿಗಿಳಿದದ್ದು 1939ರ ಜುಲೈನಲ್ಲಿ. ಮರುವರ್ಷ ಸೆಪ್ಟೆಂಬರಿನಲ್ಲಿ ‘ಎಚ್‌ಎಂಎಸ್ ನೈಜೀರಿಯಾ’ ಎಂಬ ಹೆಸರಿನಲ್ಲಿ ಬ್ರಿಟಿಷ್ ನೌಕಾಪಡೆಯ ಸೇವೆಗೆ ಸೇರಿತು. ಉದ್ದ ಸುಮಾರು 169 ಮೀಟರ್. ನಮ್ಮ ಶಾಲೆಯ ಮೈದಾನದಲ್ಲಿ 100 ಮೀಟರ್ ಓಟದ ಗೆರೆ ಹಾಕಿದರೆ ಅದನ್ನು ದಾಟಿ ಇನ್ನೂ 69 ಮೀಟರ್ ಚಾಚುವ ಹಡಗು ಅದು. ತೂಕ ಸುಮಾರು 8,700 ಟನ್. ಅಷ್ಟೇ ತೂಕದ ನೀರನ್ನು ಬದಿಗೆ ಸರಿಸುವುದರಿಂದಲೇ ಅದು ತೇಲುತ್ತಿತ್ತು. ಮದ್ದುಗುಂಡು, ಎಣ್ಣೆ, ಜನ ತುಂಬಿದರೆ ಇನ್ನಷ್ಟು ತಗ್ಗಿ ಇನ್ನಷ್ಟು ನೀರನ್ನು ಸರಿಸುತ್ತಿತ್ತು. ನಮ್ಮ ಹರಿಗೋಲಿಗೂ ಅದೇ ನಿಯಮ.

ಎರಡನೆಯ ಮಹಾಯುದ್ಧದಲ್ಲಿ ಅದು ಸುಮ್ಮನೆ ಕೂರಲಿಲ್ಲ. 1941ರ ಜೂನ್ 28ರಂದು ಅದರ ಮುಂದಾಳ್ತನದ ತುಕಡಿ ಉತ್ತರದ ಹಿಮಸಮುದ್ರದಲ್ಲಿ ಲಾಯೆನ್‌ಬುರ್ಗ್ ಎಂಬ ಜರ್ಮನ್ ಹವಾಮಾನ ವರದಿಯ ಹಡಗನ್ನು ಹಿಡಿಯಿತು. ಅದರಲ್ಲಿ ಸಿಕ್ಕ ಕಾಗದಪತ್ರಗಳು ಜರ್ಮನ್ನರ ‘ಎನಿಗ್ಮಾ’ ಗುಪ್ತಲಿಪಿಯನ್ನು ಬಿಡಿಸಲು ನೆರವಾದವು.

1942ರ ಆಗಸ್ಟ್ 12. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಜನ ಆಹಾರ, ಎಣ್ಣೆ ಇಲ್ಲದೆ ಕಂಗೆಟ್ಟಿದ್ದರು. ಅವರಿಗೆ ಸಾಮಗ್ರಿ ಹೊತ್ತ ಹಡಗುಗಳಿಗೆ ನೈಜೀರಿಯಾ ಕಾವಲಾಗಿ ಹೊರಟಿತ್ತು. ಇಟಲಿಯ ‘ಆಕ್ಸಮ್’ ಎಂಬ ಜಲಾಂತರ್ಗಾಮಿ ಒಂದೇ ಸಲಕ್ಕೆ ನಾಲ್ಕು ಟಾರ್ಪೆಡೊ ಬಿಟ್ಟಿತು. ಮೂರು ಹಡಗುಗಳಿಗೆ ಪೆಟ್ಟು ಬಿತ್ತು; ಅದರಲ್ಲಿ ನೈಜೀರಿಯಾ ಒಂದು. 52 ಮಂದಿ ಪ್ರಾಣ ಬಿಟ್ಟರು. ಹಡಗು ಒಂದು ಬದಿಗೆ ವಾಲಿತು. ಆದರೆ ಮುಳುಗಲಿಲ್ಲ. ಗಾಯಗೊಂಡ ಮೈಯಲ್ಲೇ ಹಿಂತಿರುಗಿ ಜಿಬ್ರಾಲ್ಟರ್ ಬಂದರು ಸೇರಿತು. ಮುಂದೆ ಅಮೆರಿಕಕ್ಕೆ ಹೋಗಿ ಒಂಬತ್ತು ತಿಂಗಳು ದುರಸ್ತಿ ಮಾಡಿಸಿಕೊಂಡು, 1944ರಲ್ಲಿ ನಮ್ಮ ಹಿಂದೂ ಮಹಾಸಾಗರಕ್ಕೇ ಬಂತು.

ಯಾಕೆ ಮುಳುಗಲಿಲ್ಲ? ವಿಜ್ಞಾನದ ಮೇಷ್ಟ್ರಿಗೆ ಈ ಪ್ರಶ್ನೆಯೇ ಮುಖ್ಯ. ಯುದ್ಧನೌಕೆಯ ಹೊಟ್ಟೆ ಒಂದೇ ದೊಡ್ಡ ಪಾತ್ರೆಯಲ್ಲ. ಅಡ್ಡಗೋಡೆಗಳನ್ನು ಹಾಕಿ ಅದನ್ನು ನೀರು ಸೋರದ ಹಲವಾರು ಕೋಣೆಗಳಾಗಿ ಭಾಗ ಮಾಡಿರುತ್ತಾರೆ. ಒಂದು ಕೋಣೆ ಒಡೆದು ನೀರು ನುಗ್ಗಿದರೆ ತಕ್ಷಣ ಅದರ ಬಾಗಿಲು ಮುಚ್ಚಿಬಿಡುತ್ತಾರೆ. ಆ ಕೋಣೆ ಹೋಯಿತು. ಉಳಿದ ಕೋಣೆಗಳಲ್ಲಿರುವ ಗಾಳಿ ಹಡಗನ್ನು ತೇಲಿಸುತ್ತದೆ.

ಸ್ವತಂತ್ರ ಭಾರತಕ್ಕೆ ದೊಡ್ಡ ಹಡಗು ಬೇಕಿತ್ತು, ಹೊಸದನ್ನು ಕೊಳ್ಳುವಷ್ಟು ಹಣವಿರಲಿಲ್ಲ. 1954ರ ಏಪ್ರಿಲ್‌ನಲ್ಲಿ ಈ ಹಳೆಯ ಹಡಗನ್ನು 3 ಲಕ್ಷ ಪೌಂಡಿಗೆ ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ಅದನ್ನು ಪೂರ್ತಿ ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ‘ಐಎನ್‌ಎಸ್ ಮೈಸೂರು’ ಎಂದು ಹೆಸರಿಟ್ಟು ಸೇವೆಗೆ ಸೇರಿಸಿಕೊಂಡಿತು. ಲಾಂಛನಕ್ಕೆ ಗಂಡಭೇರುಂಡವೇ ಬಂತು. ನಿಜಾಮರ ಹೈದರಾಬಾದಿಗೆ ಸೇರಿದ್ದ ನಮ್ಮ ರಾಯಚೂರು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಅಂದರೆ ಆ ಹಡಗಿಗೆ ಮೈಸೂರೆಂಬ ಹೆಸರು ಬರುವ ಹೊತ್ತಿಗೆ ನಾವೂ ಮೈಸೂರಿನವರೇ ಆಗಿದ್ದೆವು. ನಾನು ನಕ್ಕಿದ್ದು ನಮ್ಮ ಹಡಗನ್ನು ನೋಡಿಯೇ!

ಸೆಕೆಂಡ್ ಹ್ಯಾಂಡ್ ಎಂಬ ಮಾತು ಓದುವಾಗ ನನ್ನ ಹೈಸ್ಕೂಲು ದಿನಗಳು ನೆನಪಾದವು. ಆಗ ಮೇಲಿನ ತರಗತಿಯವರ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಳ್ಳುತ್ತಿದ್ದೆವು. ಮೊದಲ ಪುಟದಲ್ಲಿ ಹಿಂದಿನವನ ಹೆಸರು ಹೊಡೆದು ನಮ್ಮ ಹೆಸರು ಬರೆಯುವುದು. ರಟ್ಟು ಕಿತ್ತಿದ್ದರೆ ಗಂಜಿ ಹಚ್ಚಿ ಅಂಟಿಸುವುದು. ಹೊಸ ಪುಸ್ತಕದವರ ಪಕ್ಕ ಕೂರಲು ನಾಚಿಕೆ. ಆದರೆ ಪರೀಕ್ಷೆಯಲ್ಲಿ ಪುಸ್ತಕದ ವಯಸ್ಸನ್ನು ಯಾರೂ ಕೇಳಲಿಲ್ಲ.

ಭಾರತದ ಹಡಗಾಗಿ ಅದರ ಮೊದಲ ಕ್ಯಾಪ್ಟನ್ ಎಸ್.ಎಂ. ನಂದಾ. ಕರಾಚಿಯ ಪಕ್ಕದ ಮನೋರಾದಲ್ಲಿ ಬೆಳೆದವರು. 1959ರ ಆಗಸ್ಟ್‌ನಲ್ಲಿ ಶ್ರೀಲಂಕೆಯ ಬಳಿ ತಾಲೀಮಿನ ವೇಳೆ ಬ್ರಿಟಿಷ್ ಹಡಗು ‘ಹೋಗ್’ ಮತ್ತು ಮೈಸೂರು ಡಿಕ್ಕಿಯಾದವು. ಸೇವೆಯೆಂದರೆ ಬರೀ ಗೆಲುವಿನ ಪಟ್ಟಿಯಲ್ಲ, ಇಂಥವೂ ಇರುತ್ತವೆ.

ಮುಂದಿನ ಕಥೆ ನಮ್ಮ ಕಾರವಾರದ್ದು. ಕರಾವಳಿಯ ಹತ್ತಿರವೇ ಇರುವ ಅಂಜದೀವ್ ನಡುಗಡ್ಡೆ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾದಾಗ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಅಂಜದೀವಿನತ್ತ ಬಂದವು. ತೋಪಿನ ಬೆಂಬಲದಲ್ಲಿ ನಾವಿಕರು ದಡಕ್ಕೆ ಇಳಿದರು. ನಮ್ಮ ಏಳು ಮಂದಿ ಅಲ್ಲಿ ಸತ್ತರು. ಮರುದಿನ ನಡುಗಡ್ಡೆ ಶರಣಾಯಿತು.

1505ರಲ್ಲಿ ಅಲ್ಮೇಡಾ ಎಂಬ ಪೋರ್ಚುಗೀಸ್ ದಳಪತಿ ಇದೇ ಅಂಜದೀವಿನಲ್ಲಿ ಕೋಟೆ ಕಟ್ಟತೊಡಗಿದ್ದ. ಅದಾದ ಹದಿನೈದು ವರ್ಷಕ್ಕೆ, 1520ರಲ್ಲಿ, ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯ ಮೇಲಿನ ಸೈನಿಕರನ್ನು ಗುರಿಯಿಟ್ಟು ಹೊಡೆದವರೂ ಪೋರ್ಚುಗೀಸ್ ಬಂದೂಕುಗಾರರು. ರಾಯಚೂರಿಗೂ ಅಂಜದೀವಿಗೂ ಇಂಥ ನಂಟಿದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಪ್ರವಾಸದಲ್ಲಿ ನಡುಗಡ್ಡೆಗಳನ್ನು ‘ಗುಡ್ಡ’ ಎಂದು ಹೇಳಿ ತಪ್ಪಿಸಿಕೊಂಡದ್ದಕ್ಕೆ ಈಗ ಸಂಕೋಚವಾಯಿತು.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಧ್ವಜನೌಕೆ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಬಿದ್ದದ್ದು ಮಾತ್ರ ಸಣ್ಣ ಕ್ಷಿಪಣಿ ದೋಣಿಗಳು. ಆ ದಾಳಿಗೆ ಅಪ್ಪಣೆ ಕೊಟ್ಟ ನೌಕಾಪಡೆಯ ಮುಖ್ಯಸ್ಥರು ಯಾರು ಗೊತ್ತೇ? ಅದೇ ನಂದಾ. ತಾವು ಆಡಿ ಬೆಳೆದ ಊರಿನ ಮೇಲೆಯೇ.

ಒಂಬತ್ತು ದೊಡ್ಡ ತೋಪುಗಳ ಹಡಗಿನ ಕಾಲ ಮುಗಿದಿತ್ತು. ಕ್ಷಿಪಣಿಯ ಕಾಲ ಬಂದಿತ್ತು. ಆದರೆ ಹಡಗನ್ನು ಗುಜರಿಗೆ ಹಾಕಲಿಲ್ಲ. 1975ರಲ್ಲಿ ಅದನ್ನು ತರಬೇತಿ ನೌಕೆ ಮಾಡಿದರು. ಹೊಸ ಹುಡುಗರು ಅದರ ಮೇಲೆಯೇ ಕಡಲಿನ ಪಾಠ ಕಲಿತರು. ಅಷ್ಟರಲ್ಲಿ, 1973ರಲ್ಲೇ, ನಮ್ಮ ರಾಜ್ಯ ಕರ್ನಾಟಕವಾಗಿತ್ತು. ಹಡಗು ಮಾತ್ರ ಮೈಸೂರಾಗಿಯೇ ಉಳಿದು, 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು. ಕೊನೆಯ ಹತ್ತು ವರ್ಷ ಅದು ಶಾಲೆಯಾಗಿತ್ತು ಎಂಬುದನ್ನು ಓದಿ, ಆ ಹಡಗೂ ನಮ್ಮ ಜಾತಿಗೇ ಸೇರಿದ್ದು ಅನಿಸಿತು.

ಸೋಮವಾರ ತರಗತಿಗೆ ಹೋದವನೇ, ‘ಮೊನ್ನೆ ನಾ ನಕ್ಕದ್ದು ತಪ್ಪು. ಇವ ಹೇಳಿದ್ದು ಖರೆ’ ಎಂದೆ. ಹುಡುಗ ತಲೆ ತಗ್ಗಿಸಿದ. ಎರಡು ಬಿಸ್ಕತ್ತಿನ ತಗಡಿನ ಡಬ್ಬಿ ತಂದಿದ್ದೆ. ಒಂದಕ್ಕೆ ಒಳಗೆ ನಾಲ್ಕು ತಗಡಿನ ಅಡ್ಡಗೋಡೆ ಇಟ್ಟು ಸಂದಿಗೆ ಎಂ-ಸೀಲ್ ತುಂಬಿದ್ದೆ. ಎರಡನ್ನೂ ನೀರಿನ ಟಬ್ಬಿನಲ್ಲಿ ಬಿಟ್ಟು, ಅವನ ಕೈಗೇ ಮೊಳೆ ಕೊಟ್ಟು ಒಂದೊಂದು ತೂತು ಮಾಡಿಸಿದೆ. ಗೋಡೆಯಿಲ್ಲದ ಡಬ್ಬಿ ನಿಧಾನಕ್ಕೆ ತುಂಬಿ ತಳ ಸೇರಿತು. ಇನ್ನೊಂದು ವಾಲಿ ನಿಂತಿತು. ಹುಡುಗ ಅದನ್ನೇ ನೋಡುತ್ತ, ‘ವಾಲೈತ್ರಿ ಸರ್, ಆದ್ರ ಮುಳುಗವಲ್ದು’ ಎಂದ.

ಮರುವರ್ಷ ಅವನು ಎಸ್ಸೆಸ್ಸೆಲ್ಸಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲು. ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಅವನ ತಾಯಿ ಶಾಲೆಗೆ ಬಂದರು. ಅವರ ಮನೆಯವರು ಪ್ರತಿವರ್ಷದಂತೆ ಗುಳೆ ಹೊರಟಿದ್ದರು, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ‘ಇವನ ಶಾಲಿ ಸಾಕ್ರಿ ಸರ್. ಫೇಲ್ ಆಗೋನು ಇಲ್ಲಿದ್ದು ಏನ್ ಮಾಡ್ತಾನ? ಅಲ್ಲಿ ಬಂದ್ರ ನಾಕ್ ದುಡ್ಡರ ಆಗ್ತೈತಿ.’ ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಸಾಲವಿತ್ತು. ನಾನು ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಹುಡುಗನೇ ಅಂದ: ‘ಯವ್ವಾ, ಎರಡು ಕ್ವಾಣಿಗೆ ನೀರು ಹೊಕ್ಕೈತಿ ಅಷ್ಟ. ಉಳಿದ ನಾಕು ಒಣಗ್ಯಾವು.’

ತಾಯಿಗೆ ಅರ್ಥವಾಗಲಿಲ್ಲ. ನನಗಾಯಿತು. ಆರು ವಿಷಯಗಳಲ್ಲಿ ನಾಲ್ಕರಲ್ಲಿ ಅವನು ಪಾಸಾಗಿದ್ದ. ಅವರನ್ನು ಕೂರಿಸಿ ಅಂಕಪಟ್ಟಿ ತೋರಿಸಿದೆ. ಕೊನೆಗೆ ಅಜ್ಜಿಯ ಹತ್ತಿರ ಊರಲ್ಲೇ ಬಿಟ್ಟು ಹೋಗಲು ಒಪ್ಪಿದರು. ಸಂಜೆ ಗಣಿತ ಹೇಳಿಕೊಟ್ಟೆ. ಮುಖ್ಯ ಪರೀಕ್ಷೆಯಲ್ಲಿ ಗಣಿತ ಮತ್ತೆ ಕೈಕೊಟ್ಟಿತು. ಪೂರಕ ಪರೀಕ್ಷೆಯಲ್ಲಿ ದಾಟಿದ. ಈಗ ಐಟಿಐ ಮುಗಿಸಿ ರಾಯಚೂರಿನ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಗುಳೆ ಹೋಗುವುದು ಅವನ ಮಟ್ಟಿಗೆ ನಿಂತಿದೆ.

ಪಾಲಕರಿಗೆ ನನ್ನ ಒಂದು ಕೋರಿಕೆ. ಮಗು ಒಂದು ವಿಷಯದಲ್ಲಿ ಫೇಲಾದರೆ ಆ ಕೋಣೆಯ ಬಾಗಿಲು ಮುಚ್ಚಿ, ನೀರು ಹೊರಹಾಕಲು ಸಮಯ ಕೊಡಿ. ‘ನೀನು ದಡ್ಡ’ ಎನ್ನುವುದು ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಂತೆ. ಮೇಷ್ಟ್ರುಗಳಿಗೂ ಒಂದು ಮಾತು, ಮೊದಲು ನನಗೆ ನಾನೇ ಹೇಳಿಕೊಂಡದ್ದು: ಹಿಂದಿನ ಬೆಂಚಿನ ಪ್ರಶ್ನೆಗೆ ನಗುವ ಮುನ್ನ ಪುಸ್ತಕ ತೆಗೆದು ನೋಡಿ.

ಮೈಸೂರು ಎಂಬ ಹೆಸರು ನೌಕಾಪಡೆಯಲ್ಲಿ ಅಳಿಯಲಿಲ್ಲ. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಐಎನ್‌ಎಸ್ ಮೈಸೂರು 1999ರ ಜೂನ್ 2ರಂದು ಸೇವೆಗೆ ಸೇರಿತು. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿಯಿತು. ಇದು ಹೊಸದಾಗಿಯೇ ಕಟ್ಟಿಸಿದ ಹಡಗು, ಸೆಕೆಂಡ್ ಹ್ಯಾಂಡ್ ಅಲ್ಲ. ಹೋದ ತಿಂಗಳು ಆ ಹುಡುಗ ವರ್ಕ್‌ಶಾಪಿನ ಮುಂದೆ ಸಿಕ್ಕಾಗ ಇದನ್ನು ಹೇಳಿದೆ. ಕಣ್ಣಿನ ಕಪ್ಪು ಕನ್ನಡಕ ಹಣೆಗೇರಿಸಿ ಕೇಳಿದ: ‘ಅದರ ತಗಡು ಎಷ್ಟ್ ದಪ್ಪ ಐತ್ರಿ ಸರ್?’

ನಾನು ನಗಲಿಲ್ಲ. ‘ನೋಡಿ ಹೇಳ್ತೀನಿ’ ಎಂದೆ.